ಕೋರಾ ಬಟ್ಟೆಯಲ್ಲಿ ಒಂದು ಪರದೇಶ

ಹೋದ ಮಂಗಳವಾರ ಬೆಳಿಗ್ಗೆ ಕತ್ತರಿಯಕ್ಕ ತೀರಿಕೊಂಡಳು. ಶ್ವಾಸಕೋಶದ ಕಾಯಿಲೆ, ಗೊತ್ತಾಗಿ ವರ್ಷವೂ ಆಗಿರಲಿಲ್ಲ. ಮಧ್ಯಾಹ್ನ ನಾಟಕಶಾಲೆಯ ಉಡುಪು ವಿಭಾಗ ಬಾಗಿಲು ಹಾಕಿತು. ಸಂಜೆಯ ಪ್ರದರ್ಶನ ಮಾತ್ರ ನಡೆಯಿತು. ಅವಳು ಕತ್ತರಿಸಿದ ಕೋಟುಗಳನ್ನು ತೊಟ್ಟವರೆಲ್ಲ ಅವತ್ತು ವೇದಿಕೆಯ ಮೇಲೆ ಎಂದಿಗಿಂತ ನೆಟ್ಟಗೆ ನಿಂತಿದ್ದರು ಎಂದು ನೋಡಿದವರು ಹೇಳಿದರು. ಅವಳು ನೋಡಿದ್ದರೆ ಒಪ್ಪುತ್ತಿರಲಿಲ್ಲ. ನೆಟ್ಟಗೆ ನಿಂತ ಮೈಯನ್ನು ಅವಳು ಯಾವತ್ತೂ ನಂಬಿದವಳಲ್ಲ.

ಅವಳ ಕೆಲಸದ ಕ್ರಮವೇ ಹಾಗಿತ್ತು. ಒಳ್ಳೆಯ ಬಟ್ಟೆಗೆ ಕತ್ತರಿ ತಾಕಿಸುವ ಮೊದಲು ಅದೇ ಅಳತೆಯಲ್ಲಿ ಅಗ್ಗದ ಕೋರಾ ಬಟ್ಟೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ತೊಡುವವರ ಮೈಮೇಲೆ ಒಮ್ಮೆ ನೋಡಲೇಬೇಕು. ಎಷ್ಟೇ ಅವಸರವಿರಲಿ, ಎಷ್ಟೇ ದೊಡ್ಡ ನಟನಿರಲಿ, ಇದಕ್ಕೆ ರಿಯಾಯಿತಿ ಇಲ್ಲ. ಕೋರಾ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: “ಚೆನ್ನಾಗಿದೆ ಅನ್ಬೇಡಿ. ಎಲ್ಲಿ ಹಿಡೀತಿದೆ ಹೇಳಿ.” ಅವರು ಹೇಳಿದ್ದನ್ನೂ ಪೂರ್ತಿ ನಂಬುತ್ತಿರಲಿಲ್ಲ. ಕನ್ನಡಿ ಕಂಡರೆ ಯಾರಾದರೂ ಸರಿ, ಹೊಟ್ಟೆ ಒಳಗೆಳೆದುಕೊಂಡು ಎದೆಯುಬ್ಬಿಸುತ್ತಾರೆ. ಅದಕ್ಕೇ ಅವಳು ಬೇಕೆಂದೇ ಒಂದು ಗುಂಡುಸೂಜಿ ಕೆಳಗೆ ಬೀಳಿಸಿ, ಸ್ವಲ್ಪ ಎತ್ತಿಕೊಡಿ ಎನ್ನುತ್ತಿದ್ದಳು. ಮೇಲಿನ ಕಪಾಟಿನ ಟೊಪ್ಪಿ ಕೊಡಿ ಎನ್ನುತ್ತಿದ್ದಳು. ಬಟ್ಟೆಯ ನೆನಪೇ ಇಲ್ಲದೆ ಬಗ್ಗಿದಾಗ, ಕೈಚಾಚಿದಾಗ, ಎಲ್ಲಿ ಹಿಡಿಯಿತೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

ಇಂಥವಳನ್ನು ಕಟ್ಟಿಕೊಂಡವರು ಬ್ರೇಕು ಮೇಷ್ಟ್ರು. ಕಾರು ಕಲಿಸುವುದು ಅವರ ಕಸುಬು. ಅವರ ಹಳೆಯ ಕಾರಿನಲ್ಲಿ ಕಲಿಸುವವರ ಕಾಲ ಬುಡಕ್ಕೂ ಒಂದು ಬ್ರೇಕು ಇತ್ತು, ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೂತು ಅದನ್ನು ಒತ್ತಿ ಒತ್ತಿ ಮೇಷ್ಟ್ರ ಬಲಗಾಲಿಗೆ ಅದೇ ಚಾಳಿಯಾಗಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿದ್ದರು, ನಾಟಕದಲ್ಲಿ ನಾಯಕ ತಪ್ಪು ದಾರಿ ಹಿಡಿದರೂ ಒತ್ತುತ್ತಿದ್ದರು. ನಿದ್ದೆಯಲ್ಲಿ ಒತ್ತಿ ಹಾಸಿಗೆಯ ಅಂಚು ಹರಿದಿದ್ದಾರೆ ಎಂದು ಅವರಕ್ಕ ಹೇಳುತ್ತಿದ್ದುದು ಉತ್ಪ್ರೇಕ್ಷೆ ಇರಬಹುದು. ಮೇಷ್ಟ್ರ ಬಾಯಿಗೆ ಮಾತ್ರ ಬ್ರೇಕು ಇರಲಿಲ್ಲ. ಊರಿನಲ್ಲಿ ಅರ್ಧ ಜನಕ್ಕೆ ಗಾಡಿ ಕಲಿಸಿದವರು ಅವರೇ. ರಸ್ತೆಗಿಳಿದರೆ ಹತ್ತು ಕಾರಿನಿಂದ ಹತ್ತು ಕೈ ಮೇಲೇಳುತ್ತಿದ್ದವು.

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಕತ್ತರಿಯಕ್ಕನಿಗೆ ಪರದೇಶದಿಂದ ಕರೆ ಬಂತು. ಅಲ್ಲಿನ ದೊಡ್ಡ ನಾಟಕ ಮಂದಿರವೊಂದರ ತಂಡ ಇಲ್ಲಿಗೆ ಬಂದಾಗ ರಾಜನ ನಿಲುವಂಗಿ ದಾರಿಯಲ್ಲಿ ಹಾಳಾಗಿ, ಒಂದೇ ದಿನದಲ್ಲಿ ಅವಳು ಹೊಸದು ಮಾಡಿಕೊಟ್ಟಿದ್ದಳು. ಅದನ್ನು ನೆನಪಿಟ್ಟುಕೊಂಡು, ನಮ್ಮ ಉಡುಪು ವಿಭಾಗವನ್ನು ನೀವೇ ನಡೆಸಬೇಕು, ಐದು ವರ್ಷದ ಕರಾರು, ಸಂಸಾರ ಸಮೇತ ಬನ್ನಿ, ಮನೆ ನಾವೇ ಕೊಡುತ್ತೇವೆ ಎಂದು ಬರೆದಿದ್ದರು. ಸಂಬಳ ಕೇಳಿ ಮೇಷ್ಟ್ರು ನೀರು ಕುಡಿದರು. ಪತ್ರದ ಜೊತೆ ಆ ಮನೆಯ ನಕ್ಷೆ, ಅವಳ ಕೆಲಸದ ಕೋಣೆಯ ಫೋಟೋ, ಅಲ್ಲಿನ ರಾಜರ ಪಾತ್ರಕ್ಕೆ ಬಳಸುವ ಗಾಢ ಕೆಂಪು ಮಖಮಲ್ಲಿನ ಅಂಗೈಯಗಲದ ಒಂದು ತುಂಡು. ಅವಳು ಸಂಬಳದ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದಳು. ಆ ತುಂಡನ್ನು ಮಾತ್ರ ಕಿಟಕಿಯ ಬೆಳಕಿಗೆ ಹಿಡಿದು, ಅಡ್ಡ ಎಳೆದು, ಕೆನ್ನೆಗೆ ಒತ್ತಿಕೊಂಡು, ಎಷ್ಟೋ ಹೊತ್ತು ಕೂತಿದ್ದಳು. ಮೇಷ್ಟ್ರು ಅದನ್ನು ನೋಡಿದರು. ಇವಳಿಗೆ ಹೋಗಬೇಕು, ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾದರೆ ನಾನೇ ಹೊರಡಿಸಬೇಕು ಎಂದು ಆ ಕ್ಷಣವೇ ತೀರ್ಮಾನ ಮಾಡಿಬಿಟ್ಟರು.

ಮೇಷ್ಟ್ರು ತೀರ್ಮಾನ ಮಾಡಿದರೆಂದರೆ ಡಂಗುರ ಹೊಡೆದ ಹಾಗೆಯೇ. ವಾರದೊಳಗೆ ಪೇಟೆಯೆಲ್ಲ ವಿದಾಯ ಹೇಳಿ ಬಂದರು. ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆಯುತ್ತಿದ್ದ ಹಲ್ಲಿನ ಡಾಕ್ಟರಿಗೆ, ನಿಮ್ಮನ್ನು ಪಾಸು ಮಾಡಿಸಿಯೇ ವಿಮಾನ ಹತ್ತುತ್ತೇನೆ ಎಂದು ಮಾತು ಕೊಟ್ಟರು. ಡಾಕ್ಟರು ಹಾಗಾದರೆ ನೀವೆಲ್ಲೂ ಹೋಗುವುದಿಲ್ಲ ಬಿಡಿ ಎಂದರಂತೆ. ಮಗಳು ಮಾತ್ರ ಸ್ನೇಹಿತೆಯರನ್ನು ನೆನೆದು ಮುಖ ಊದಿಸಿಕೊಂಡು ಕೂತಳು.

ಕತ್ತರಿಯಕ್ಕ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಉತ್ತರಕ್ಕೆ ಮಗಳ ಬೇಸಿಗೆ ರಜೆ ಮುಗಿಯುವವರೆಗೂ ಸಮಯ ಕೇಳಿದಳು. ರಜೆ ಶುರುವಾದ ದಿನ ಹಜಾರದ ಸಾಮಾನನ್ನೆಲ್ಲ ಗೋಡೆಗೆ ಸರಿಸಿ, ಟೇಪು ಹಿಡಿದು, ಮಂಡಿಯೂರಿ, ಆ ನಕ್ಷೆಯಲ್ಲಿದ್ದ ಮನೆಯನ್ನು ಅದದೇ ಅಳತೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಇದು ಮಲಗುವ ಕೋಣೆ, ಇದು ಕೂರುವ ಜಾಗ, ಈ ಗೋಡೆಗುಂಟ ಒಲೆ. ದೊಡ್ಡ ಊಟದ ಮೇಜು, ಬೀದಿಯ ಕಡೆಯ ಕಿಟಕಿ, ಬಾಲ್ಕನಿ ಎಲ್ಲವೂ ಗೆರೆಯ ಆಚೆ ಉಳಿದವು.

“ಒಂದು ತಿಂಗಳು ಇದರೊಳಗೆ ಇರೋಣ, ಹೋಗಿಬಿಟ್ಟಿದೀವಿ ಅಂತ” ಎಂದಳು. “ಕೋರಾದಲ್ಲಿ ನೋಡ್ದೆ ನಾನು ಯಾವ್ದಕ್ಕೂ ಕತ್ತರಿ ಹಾಕಲ್ಲ.”

ಕಾನೂನುಗಳು ಸರಳವಾಗಿದ್ದವು. ಅಲ್ಲಿ ಮೇಷ್ಟ್ರಿಗೆ ಮೊದಲ ಕೆಲವು ವರ್ಷ ಕೆಲಸ ಮಾಡುವ ಪರವಾನಗಿ ಸಿಗುವುದಿಲ್ಲ, ಆದ್ದರಿಂದ ಕಾರಿನ ಬೀಗದಕೈ ಗೆರೆಯಾಚೆಯ ಮೊಳೆಗೆ. ಅಲ್ಲಿ ಯಾರೂ ಪರಿಚಯವಿಲ್ಲ, ಆದ್ದರಿಂದ ಬೀದಿಯಲ್ಲಿ ಯಾರು ಸಿಕ್ಕರೂ ಮುಗುಳ್ನಕ್ಕು ಮುಂದೆ ಹೋಗಬೇಕು. ಮಗಳು ಊರಿನ ಆ ತುದಿಯಲ್ಲಿ ಒಬ್ಬರೂ ಗೊತ್ತಿಲ್ಲದ ಈಜುಕೊಳಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೋಗಬೇಕು. ಬಚ್ಚಲಿಗೆ ಹೋಗಲು ಮಾತ್ರ ಗಡಿ ದಾಟಬಹುದು. ಕೆಳಗಿನ ಮನೆಯಲ್ಲಿದ್ದ ಮೇಷ್ಟ್ರ ಅಕ್ಕನೊಡನೆ ಭಾನುವಾರ ಫೋನಿನಲ್ಲಷ್ಟೇ ಮಾತು. ಕಟ್ಟಡವೆಲ್ಲ ಆಕೆಯನ್ನು ದೊಡ್ಡತ್ತೆ ಎನ್ನುತ್ತಿತ್ತು. ಅವಳ ನಾಲಿಗೆಯ ಮೊನೆ ಎಲ್ಲರಿಗೂ ಗೊತ್ತಿತ್ತು.

ದೊಡ್ಡತ್ತೆ ಈ ಆಟವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಆಡಿದಳು. ದೂರದ ಕರೆಯೆಂದು ಫೋನಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಳು, ಅದು ಮೆಟ್ಟಿಲಿನಿಂದಲೂ ಕೇಳಿಸುತ್ತಿತ್ತು. ಅಲ್ಲಿ ಚಳಿಯೇ ಎಂದು ವಿಚಾರಿಸುತ್ತಿದ್ದಳು. ಒಂದು ಮಧ್ಯಾಹ್ನ ಮೇಷ್ಟ್ರು ತಡೆಯಲಾರದೆ ಕದ್ದು ಕೆಳಗಿಳಿದು ಬಾಗಿಲು ತಟ್ಟಿದರು. ಒಳಗಿನಿಂದಲೇ ಉತ್ತರ ಬಂತು: “ಯಾರಪ್ಪ ಅದು? ನನ್ ತಮ್ಮ ಪರದೇಶದಲ್ಲಿದಾನೆ. ನಾಳೆ ಬಾ, ವಿಳಾಸ ಹುಡುಕಿಡ್ತೀನಿ.”

ಮೇಷ್ಟ್ರು ಮೇಲೆ ಬಂದು ಗೆರೆಯೊಳಗಿನ ಕುರ್ಚಿಯಲ್ಲಿ ಕೂತರು. ದಿನವಿಡೀ ಕೂರುವುದು ಅಲ್ಲೇ. ಮೊದಲ ವಾರ ಅಡುಗೆ ಕಲಿಯುತ್ತೇನೆಂದು ಎರಡು ಪಾತ್ರೆ ಸುಟ್ಟರು. ಆಮೇಲೆ ಆ ದೇಶದ ಭಾಷೆ ಕಲಿಯುತ್ತೇನೆಂದು, ನನ್ನ ಕೊಡೆ ಎಲ್ಲಿದೆ ಎಂಬ ವಾಕ್ಯವನ್ನು ಗೋಡೆಗೆ ಕೇಳಿದರು. ಬೀದಿಯಲ್ಲಿ ಯಾರೋ ಗೇರು ಕಿರುಗುಟ್ಟಿಸಿದರೆ ಕಿವಿ ನಿಮಿರುತ್ತಿತ್ತು. ಮಗಳು ತಡವಾಗಿ ಬಂದರೆ, ಹೆಂಡತಿ ಅಲ್ಲಿಯ ಕೆಲಸದ ಹೊತ್ತಿಗೆ ತಕ್ಕಂತೆ ಕತ್ತಲಾದ ಮೇಲೆ ಬಂದರೆ, ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಕುರ್ಚಿಯ ಮುಂದೆಯೇ ಆ ಮನೆಯ ಹೊರಗೋಡೆಯ ಗೆರೆ. ಅವರ ಕಾಲು ಬೀಳುವ ಕಡೆ ಗೆರೆ ಸಂಜೆಯೊಳಗೆ ಅಳಿಸಿಹೋಗಿರುತ್ತಿತ್ತು. ಕತ್ತರಿಯಕ್ಕ ಬೆಳಿಗ್ಗೆ ಎದ್ದು ಅಷ್ಟನ್ನು ಮತ್ತೆ ಬರೆದು ಕೆಲಸಕ್ಕೆ ಹೋಗುತ್ತಿದ್ದಳು. ಮರುದಿನ ಮತ್ತೆ ಅಳಿಸಿರುತ್ತಿತ್ತು. ಮೊದಮೊದಲು ಅಂಗೈಯಷ್ಟು, ಕೊನೆಕೊನೆಗೆ ಮೊಳದಷ್ಟು.

ಮಗಳದ್ದು ತದ್ವಿರುದ್ಧ. ಅಳುತ್ತ ಹೋದವಳು ಎರಡನೇ ವಾರಕ್ಕೆ ಒದ್ದೆ ಜಡೆ ಬೀಸಿಕೊಂಡು ಹಾಡುತ್ತ ಬರತೊಡಗಿದಳು. ಈಜುಕೊಳದಲ್ಲಿ ಮೂವರು ಹೊಸ ಸ್ನೇಹಿತೆಯರು, ನೀರೊಳಗೆ ಉಸಿರು ಹಿಡಿಯುವ ಪಂದ್ಯ. ಪರದೇಶ ಅಂದರೆ ಇಷ್ಟೇನಾ ಎಂದು ಕೇಳಿದಳು.

ತಿಂಗಳು ಮುಗಿದ ಸಂಜೆ ಕತ್ತರಿಯಕ್ಕ ಗಂಡ ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಚೆನ್ನಾಗಿದೆ ಅನ್ನಬೇಡಿ, ಎಲ್ಲಿ ಹಿಡಿಯುತ್ತಿದೆ ಹೇಳಿ ಎಂದಳು. ಮಗಳು ಮೊದಲು ಹಿಡಿಯುತ್ತಿತ್ತು, ಈಗ ಇಲ್ಲ ಎಂದಳು. ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ಕೂತರು.

“ಎಲ್ಲೂ ಹಿಡೀತಿಲ್ಲ ಕಣೇ. ಅಳತೆ ಕೊಟ್ಟು ಹೊಲಿಸಿದ ಹಾಗಿದೆ.”

ಅವಳು ಅವರ ಮುಖ ನೋಡಲಿಲ್ಲ, ಕಾಲ ಕೆಳಗೆ ನೋಡಿದಳು. ಆಮೇಲೆ ಒದ್ದೆ ಬಟ್ಟೆ ತಂದು ಇಡೀ ಮನೆಯನ್ನು ನೆಲದಿಂದ ಒರೆಸಿ ತೆಗೆದಳು. ಮರುದಿನ ಉತ್ತರ ಬರೆದು ಹಾಕಿದ ಮೇಲೆ ಎಲ್ಲರಿಗೂ ಹೇಳಿದಳು: ಫೋಟೋದಲ್ಲಿ ಸರಿಯಾಗಿ ನೋಡಿದೆ, ಅವರ ಕತ್ತರಿಸುವ ಮೇಜು ನನಗೆ ಬಹಳ ಎತ್ತರ, ಅದರ ಮುಂದೆ ಐದು ವರ್ಷ ನಿಂತರೆ ಹೆಗಲು ಬಿದ್ದುಹೋಗುತ್ತದೆ, ಬರುವುದಿಲ್ಲ ಅಂದೆ.

ಮೇಷ್ಟ್ರಿಗೆ ಉರಿದುಹೋಯಿತು. ಮೂರು ದಿನ ಮಾತು ಬಿಟ್ಟರು. ದೊಡ್ಡತ್ತೆ ಮೆಟ್ಟಿಲ ಮೇಲೆ ನಿಂತು ಕಟ್ಟಡಕ್ಕೆಲ್ಲ ಕೇಳುವಂತೆ ಅಂದಳು: “ಎತ್ತರ ಆದ್ರೆ ಮೇಜಿನ ಕಾಲು ಕತ್ತರಿಸ್ಬೇಕಿತ್ತಮ್ಮ, ಕತ್ತರಿ ನಿನ್ ಕೈಯಲ್ಲೇ ಇತ್ತಲ್ಲ.” ಕತ್ತರಿಯಕ್ಕ ನಕ್ಕಳು. ಮುನಿಸಿನ ನಡುವೆಯೇ ಮೇಷ್ಟ್ರು ಮೊಳೆಯಿಂದ ಬೀಗದಕೈ ತೆಗೆದುಕೊಂಡು, ಹಲ್ಲಿನ ಡಾಕ್ಟರನ್ನು ಹತ್ತಿಸಿಕೊಂಡು ಹೊರಟರು. ಮೊದಲ ತಿರುವಿನಲ್ಲೇ ಡಾಕ್ಟರು ಕಾರನ್ನು ಫುಟ್‌ಪಾತಿಗೆ ಹತ್ತಿಸಿದರು. ಬ್ರೇಕು ಒತ್ತಿದಾಗ ಮೇಷ್ಟ್ರ ಮೈಯೆಲ್ಲ ಹಗುರಾಯಿತು. ಹಗುರಾದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಹೆಂಡತಿಗಾಗಿ ಊರು ಬಿಡಲು ನಾನು ತಯಾರಿದ್ದೆ, ಅವಳೇ ಒಲ್ಲೆನೆಂದಳು ಎಂಬುದು ಮನಸ್ಸಿಗೆ ಹಿತವಾದ ಲೆಕ್ಕವಾಗಿತ್ತು.

ಆಮೇಲಿನ ವರ್ಷಗಳಲ್ಲಿ ಮನೆಗೆ ಯಾರೇ ಬರಲಿ, ಒಂದು ಮೇಜಿಗೋಸ್ಕರ ಪರದೇಶ ಒದ್ದ ಹೆಂಡತಿಯ ಕಥೆಯನ್ನು ಮೇಷ್ಟ್ರು ಅಭಿನಯದ ಸಮೇತ ಹೇಳುತ್ತಿದ್ದರು. ಅವಳು ಚಹಾ ಕೊಟ್ಟು ಪಕ್ಕದಲ್ಲೇ ಕೂತು, ಪ್ರತಿಸಲವೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು. ಆ ಕೆಂಪು ಮಖಮಲ್ಲಿಗೆ ಹತ್ತಿ ತುಂಬಿ ಗುಂಡುಸೂಜಿ ಚುಚ್ಚಿಡುವ ಪುಟ್ಟ ಮೆತ್ತೆ ಮಾಡಿಕೊಂಡಿದ್ದಳು, ಕೆಲಸದ ಹೊತ್ತಿನಲ್ಲಿ ಅದು ಸದಾ ಅವಳ ಮಣಿಕಟ್ಟಿನ ಮೇಲಿರುತ್ತಿತ್ತು. ನಾಟಕಶಾಲೆಗೆ ಅವಳು ಕೊಟ್ಟ ಕೆಲಸವನ್ನು ಹೇಳಹೊರಟರೆ ಮುಗಿಯುವುದಿಲ್ಲ. ಗೂನುಬೆನ್ನಿನ ನಟನಿಗೆ ಅವಳು ಮಾಡಿದ ಸೇನಾಪತಿಯ ಕೋಟೊಂದೇ ಸಾಕು. ಅದನ್ನು ತೊಟ್ಟು ಆತ ಬೆನ್ನು ಮುಚ್ಚಿಕೊಳ್ಳದೆ, ಅದನ್ನೇ ಪ್ರೇಕ್ಷಕರತ್ತ ತಿರುಗಿಸಿ ನಡೆದದ್ದನ್ನು ನೋಡಿದವರು ಮರೆಯಲಾರರು. ಮಗಳು ಈಗ ಅದೇ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ.

ಕಾಯಿಲೆ ಜೋರಾಗಿ ಅವಳು ಕೆಲಸಕ್ಕೆ ಹೋಗಲಾಗದೆ ಮಲಗಿದಾಗ, ನನ್ನ ಕತ್ತರಿ ತಂದುಕೊಡಿ ಎಂದು ಮೇಷ್ಟ್ರನ್ನು ಕಳಿಸಿದಳು. ಅಷ್ಟು ವರ್ಷ ಅವರು ಗೇಟಿನವರೆಗೆ ಬಿಟ್ಟು ಬಂದವರೇ ಹೊರತು ಕತ್ತರಿಕೋಣೆಯನ್ನು ನೋಡಿದವರಲ್ಲ. ನಟನಟಿಯರು ಬಟ್ಟೆ ಬದಲಿಸುವ ಜಾಗ, ಹೊರಗಿನವರಿಗೆ ಪ್ರವೇಶವಿರಲಿಲ್ಲ. ಆ ವಿಭಾಗದಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಹಳಬ, ಇಸ್ತ್ರಿಯಜ್ಜ, ಒಳಗೆ ಕರೆದೊಯ್ದ. ಅವಳ ಮೇಜು ಮೇಷ್ಟ್ರ ಎದೆಯ ಹತ್ತಿರ ಬರುತ್ತಿತ್ತು. ಅದರ ಬುಡದಲ್ಲಿ ಮೇಜಿನುದ್ದಕ್ಕೂ ಮರದ ಒಂದು ಮಣೆ, ಎರಡು ಪಾದ ನಿಲ್ಲುವ ಕಡೆ ತಟ್ಟೆಯ ಹಾಗೆ ತಗ್ಗಾಗಿ ಸವೆದಿತ್ತು. ಮೇಷ್ಟ್ರು ಅದನ್ನೇ ನೋಡುತ್ತ ನಿಂತರು. ಸೇರಿದ ವಾರವೇ ಬಡಗಿಗೆ ಹೇಳಿ ಮಾಡಿಸಿಕೊಂಡಳು, ಎತ್ತರದ ಮೇಜೇ ವಾಸಿ, ಸೊಂಟ ಬಗ್ಗುವುದಿಲ್ಲ ಅನ್ನುತ್ತಿದ್ದಳು ಎಂದು ಅಜ್ಜ ಹೇಳಿದ.

ಮೇಷ್ಟ್ರು ಕತ್ತರಿ ಹಿಡಿದುಕೊಂಡು ಮನೆಗೆ ನಡೆದೇ ಬಂದರು. ಕಾರು ಗೇಟಿನ ಹತ್ತಿರವೇ ಉಳಿಯಿತು. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಮಣೆ ನೋಡಿದೆ ಎಂದರು. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

“ಮಣೆ ಹೊತ್ಕೊಂಡು ಹೋಗ್ಬಹುದಿತ್ತಲ್ಲೇ” ಎಂದರು ಮೇಷ್ಟ್ರು.

“ಮಣೆ ಬರ್ತಿತ್ತು. ನಿಮ್ ಕಾಲು ಬರ್ತಿರ್ಲಿಲ್ಲ.”

“ನಂಗೆ ಅಭ್ಯಾಸ ಆಗ್ತಿತ್ತು.”

“ಹೂಂ. ಆಗಿದ್ರೆ ನೀವು ನೀವಾಗಿರ್ತಿರ್ಲಿಲ್ಲ.”

ಊರೆಲ್ಲ ಹೇಳಿ ನಗಿಸಿದ್ದ ಮೇಜಿನ ಕಥೆ ಒಂದೊಂದು ಸಲದ್ದೂ ಮೇಷ್ಟ್ರಿಗೆ ನೆನಪಾಯಿತು. ಅವಳು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ತಾವು ಅವಳಿಗೆ ಒಮ್ಮೆಯೂ ಕೇಳಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಕೇಳಿದರು.

“ನಿಂಗೆ ಎಲ್ಲಿ ಹಿಡೀತು?”

ಅವಳು ಯೋಚಿಸಿದಳು. ಅಳತೆ ತೆಗೆಯುವವಳ ಹಾಗೆ ಕೈ ಎತ್ತಿ ಎಡಗಡೆಯ ಹೆಗಲನ್ನು ಮುಟ್ಟಿಕೊಂಡಳು. “ಇಲ್ಲಿ. ಒಂದೆರಡು ವರ್ಷ. ಆ ಕೆಂಪು ನೋಡ್ದಾಗೆಲ್ಲ. ಆಮೇಲೆ ಹೊಲಿಗೆಯೊಳಗೆ ಮಡಿಚಿಟ್ಟ ಬಟ್ಟೆ ಬಿಚ್ಚಿ ಸಡಿಲ ಮಾಡ್ಕೊಂಡೆ.” ಸುಳ್ಳು ಹೇಳಲಿಲ್ಲ, ದೊಡ್ಡದೂ ಮಾಡಲಿಲ್ಲ. ಕತ್ತರಿ ಕೊಡಿ ಎಂದು ಇಸಿದುಕೊಂಡು ದಿಂಬಿನ ಪಕ್ಕ ಇಟ್ಟುಕೊಂಡಳು.

ಮಂಗಳವಾರ ಬೆಳಿಗ್ಗೆ ಕೋಣೆಯಲ್ಲಿ ಮೂವರೂ ಇದ್ದರು. ಮಗಳು ಕಾಲ ಬಳಿ ಕೂತಿದ್ದಳು. ದೊಡ್ಡತ್ತೆ ಬಾಗಿಲಿಗೆ ಒರಗಿದ್ದಳು. ಮೇಷ್ಟ್ರು ಕುರ್ಚಿಯನ್ನು ಹಾಸಿಗೆಗೆ ಒತ್ತಿಕೊಂಡು ಕೂತಿದ್ದರು. ಅವಳ ಉಸಿರು ದೂರ ದೂರವಾಗುತ್ತಿತ್ತು. ಒಂದೊಂದು ಉಸಿರಿಗೂ ಮೇಷ್ಟ್ರ ಬಲಗಾಲು ನೆಲಕ್ಕೆ ಒತ್ತುತ್ತಿತ್ತು, ಇನ್ನಷ್ಟು ಗಟ್ಟಿಯಾಗಿ, ಮಂಡಿ ನಡುಗುವಷ್ಟು. ಅವರಿಗೆ ಅದರ ಪರಿವೆ ಇರಲಿಲ್ಲ. ಅವಳು ಕಣ್ಣು ತೆರೆದು ಆ ಕಾಲನ್ನು ನೋಡಿದಳು. ಕೈ ಚಾಚಿ, ಹೊಲಿಗೆ ಯಂತ್ರದ ಪಾದ ಎತ್ತಿ ಸಿಕ್ಕಿದ ಬಟ್ಟೆ ಬಿಡಿಸುವಾಗಿನ ಹಾಗೆ, ಎರಡು ಬೆರಳನ್ನು ಅವರ ಮಂಡಿಯ ಕೆಳಗೆ ತೂರಿಸಿ, ಮೆಲ್ಲಗೆ ಮೇಲಕ್ಕೆತ್ತಿದಳು.