ಬಾಮ್ ಬೇಡವೆಂದ ಸೊಂಟ

ಡೊಂಬಿವಲಿಯ ನಮ್ಮ ಚಾಳಿನಲ್ಲಿ ಪಕ್ಕದ ಮನೆಯ ಉಡುಪಿಯವರು ಮುಂಬಯಿಯ ರೇಸ್‌ಕೋರ್ಸಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಬೆಳಗಿನ ಮೊದಲ ಲೋಕಲ್ ಹಿಡಿದು ಹೋದವರು ಸಂಜೆ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಧಾರವಾಡದ ನಮ್ಮವ್ವ ಬಾಮಿನ ಡಬ್ಬಿ ಹಿಡಿದು ಅಡ್ಡ ನಿಲ್ಲುವಳು. "ಒಂದೀಟು ಹಚ್ಕೋರಿ!"

"ಬೇಡ ಅಕ್ಕ. ಅವಳು ನನ್ನ ಕೈ ನೆಕ್ತಾಳೆ. ಟೆಸ್ಟಲ್ಲಿ ಬರ್ತದೆ."

ಅವಳೆಂದರೆ ಅವರು ನೋಡಿಕೊಳ್ಳುವ ಕಂದು ಹೆಣ್ಣು ಕುದುರೆ. ರೇಸಿನವರು ಕುದುರೆಯ ರಕ್ತ, ಮೂತ್ರ ಪರೀಕ್ಷಿಸುತ್ತಾರೆ; ಓಡುವ ಕುದುರೆಯ ಮೈಯಲ್ಲಿ ನೋವಿನ ಮದ್ದಿನ ಸುಳಿವೂ ಇರಕೂಡದು. ನೋವು ಗೊತ್ತಾಗದಿದ್ದರೆ ಅದು ಕಾಲು ಮುರಿಯುವವರೆಗೂ ಓಡುತ್ತದಂತೆ. "ನೋವಿನ ಬಾಯಿ ಮುಚ್ಚಬಾರ್ದು" ಎಂದು ಅವರು ಹೇಳಿದಾಗಲೆಲ್ಲ ಅವ್ವ, "ನಿಮ್ಮ ಸೊಂಟಕ್ಕೂ ಬಾಯಿ ಐತ್ರಿ" ಎಂದು ಸಿಡುಕುವಳು.

ಒಂದು ರೇಸಿನ ಬೆಳಿಗ್ಗೆ ಕುದುರೆಯ ಮುಂಗಾಲು ಅವರ ಅಂಗೈಗೆ ಬಿಸಿಯಾಗಿ ತಾಗಿತು; ಒಳಗೆ ನೋವಿದೆಯೆಂದೇ ಅದರ ಅರ್ಥ. ಮಾಲೀಕರ ಕಡೆಯವನೊಬ್ಬ, "ಏಕ್ ಸುಯೀ ಲಗಾ ದೋ, ದೌಡೇಗೀ" ಎಂದ; ನೋವಿನ ಒಂದು ಇಂಜೆಕ್ಷನ್ ಚುಚ್ಚಿದರೆ ಓಡುತ್ತಾಳಂತೆ. ಇವರು ಲಾಯದ ಬಾಗಿಲಿಗೆ ಅಡ್ಡ ನಿಂತು, ರೇಸ್‌ಕೋರ್ಸಿನ ಡಾಕ್ಟರನ್ನೇ ಕೂಗಿ ಕರೆದರು. ಅವಳು ಅಂದು ಓಡಲಿಲ್ಲ. ಕೆಲಸ ಹೋಯಿತೆಂದೇ ಹೆದರಿ ಇವರು ಊಟ ಬಿಟ್ಟರು. ಕೆಲಸವೂ ಉಳಿಯಿತು, ಕಾಲೂ ಉಳಿಯಿತು.

ಕಳೆದ ವರ್ಷ ಅವರು ಚಾಳು ಬಿಡುವ ದಿನ ತಾವೇ ಬಂದು ನಮ್ಮ ಬಾಗಿಲು ತಟ್ಟಿದರು. ಅವಳಿಗೆ ರೇಸಿನಿಂದ ಬಿಡುಗಡೆಯಾಗಿತ್ತು. ಪನ್ವೇಲ್ ಹತ್ತಿರ ಮಕ್ಕಳಿಗೆ ಸವಾರಿ ಕಲಿಸುವ ಕಡೆ ಅವಳಿಗೆ ಜಾಗ ಸಿಕ್ಕಿತ್ತು, ಜೊತೆಗೆ ಇವರಿಗೂ.

"ಇನ್ನು ಟೆಸ್ಟಿಲ್ಲ. ನಿನ್ನೆ ಅವಳ ಕಾಲಿಗೆ ಮದ್ದು ಹಚ್ಚಿದೆ," ಎಂದವರು ಸೊಂಟ ಹಿಡಿದು ನಕ್ಕರು. "ಅಕ್ಕ, ಆ ಡಬ್ಬಿ ಎಲ್ಲುಂಟು?"