ಮುನಿಯಪ್ಪ ಕೇಳಿದ ಸೂಜಿ

1959ರಲ್ಲಿ ನಾನು ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂನಲ್ಲಿ, ಆಸ್ಪತ್ರೆಯೊಂದರ ಕಿರಿಯ ವೈದ್ಯನಾಗಿದ್ದೆ. ಎದೆರೋಗದ ವಾರ್ಡು ನನ್ನ ಪಾಲಿಗೆ ಬಂದಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಸಿಲಿಕೋಸಿಸ್. ಬಂಡೆ ಕೊರೆಯುವಾಗ ಏಳುವ ಧೂಳು ವರ್ಷಗಟ್ಟಲೆ ಒಳಗಿಳಿದು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಗುಣಪಡಿಸುವ ಮದ್ದಿಲ್ಲ. ಬೆಳಗಿನ ರೌಂಡ್ಸ್ ಮುಗಿಸುವಷ್ಟರಲ್ಲೇ ನಾನು ಸೋತುಹೋಗುತ್ತಿದ್ದೆ.

ಬೇತಮಂಗಲದ ಕಡೆಯ ಮುನಿಯಪ್ಪ ಗಣಿಯೊಳಗೆ ಡ್ರಿಲ್ಲಿಂಗ್ ಕೆಲಸ ಮಾಡಿದ್ದವರು. ವಯಸ್ಸು ಐವತ್ತು ದಾಟಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡರು.

“ಸಾರ್, ಸಾಕಾಗೋಯ್ತು. ಒಂದು ಸೂಜಿ ಆಕಿ ಮುಗಿಸ್ಬುಡಿ.”

ಪಕ್ಕದಲ್ಲಿದ್ದ ಹೆಂಡತಿ ಯಲ್ಲಮ್ಮ ಗಾಬರಿಯಾದರು. “ಇವ್ರ ಮಾತು ಕೇಳ್ಬೇಡಿ ಸಾಮಿ. ಇಂಗೇ ಕೂತಿದ್ರೂ ಸರಿ, ನಂಗೆ ಇವ್ರು ಬೇಕು.”

ನಾನು ಸ್ಟೂಲು ಎಳೆದುಕೊಂಡು ಕೂತು, ಇಂಥ ಮಾತು ಏಕೆ ಬಂತು ಎಂದು ಕೇಳಿದೆ.

“ಸಾಯಾಕೆ ಎದ್ರಿಕೆ ಇಲ್ಲ ಸಾರ್. ನನ್ನ ಜೊತೆಗಾರ ಒಬ್ಬ ಇದೇ ಕಾಯ್ಲೇಲಿ ಸತ್ತ. ಗಾಳಿ, ಗಾಳಿ ಅಂತ ಆಸಿಗೆ ಕಿತ್ತಾಕ್ದ. ಕಣ್ಣಾರೆ ನೋಡಿವ್ನಿ. ಅಂಗೆ ಸಾಯೋದು ಬೇಡ.”

ಅವರು ಕೇಳಿದ್ದನ್ನು ಕೊಟ್ಟರೆ ಕಾನೂನಿನ ಕಣ್ಣಲ್ಲಿ ಅದು ನರಹತ್ಯೆ. ಕಾನೂನು ಅಡ್ಡ ಬರದಿದ್ದರೂ ನನ್ನ ಕೈ ಏಳುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ಮುಖ ತಿರುಗಿಸಿಕೊಂಡರು.

ಮುಂದಿನ ವಾರ ಉಬ್ಬಸ ಹೆಚ್ಚಿತು. ಆಕ್ಸಿಜನ್ ಕೊಟ್ಟರೂ ತುಟಿ ನೀಲಿಯಾಗೇ ಇತ್ತು. ಯಲ್ಲಮ್ಮ ನನ್ನ ಹಿಂದೆಯೇ ವರಾಂಡಕ್ಕೆ ಬಂದರು. “ಅವತ್ತು ಕೇಳಿದ್ದು ಕೊಟ್ಬುಡಿ ಸಾಮಿ. ನನ್ನ ಕೈಲಿ ನೋಡಾಕಾಗಲ್ಲ.”

“ಅದು ನನ್ನಿಂದ ಆಗೋದಿಲ್ಲಮ್ಮ. ಆದರೆ ಒದ್ದಾಡೋಕೆ ಬಿಡೋದಿಲ್ಲ,” ಎಂದೆ.

ಹೇಳುವುದು ಸುಲಭವಾಗಿತ್ತು. ಉಬ್ಬಸದ ಸಂಕಟ ತಗ್ಗಿಸಲು ಮಾರ್ಫಿನ್ ಬೇಕು. ಅದೇ ಮಾರ್ಫಿನ್ ಉಸಿರನ್ನೂ ಕುಗ್ಗಿಸಬಹುದು. ಹಿರಿಯ ವೈದ್ಯರು ಒಪ್ಪಲಿಲ್ಲ.

“ಉಸಿರು ನಿಂತರೆ ಏನು ಉತ್ತರ ಕೊಡ್ತೀರಿ?”

“ಉಸಿರು ಕಟ್ಟಿ ಸತ್ತರೆ ಏನು ಉತ್ತರ ಕೊಡೋಣ ಸಾರ್?”

ಅವರು ಮುನಿಯಪ್ಪನವರ ಚಾರ್ಟು ತರಿಸಿ ನೋಡಿದರು. ಕೊನೆಗೆ, ಸಣ್ಣ ಪ್ರಮಾಣದಿಂದ ಶುರುಮಾಡಿ, ಪಕ್ಕದಲ್ಲೇ ಇರಿ ಎಂದರು.

ಅಪಾಯವನ್ನು ಗಂಡಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದೆ. ಮುನಿಯಪ್ಪ ಸೂಜಿಗೆ ತೋಳು ಚಾಚಿದರು. ಸ್ವಲ್ಪ ಹೊತ್ತಿನಲ್ಲೇ ಹುಬ್ಬಿನ ಗಂಟು ಸಡಿಲವಾಯಿತು. ಆಮೇಲಿನ ದಿನಗಳಲ್ಲಿ ನಿದ್ದೆ ಹತ್ತಿತು. “ಇವ್ಳು ಮಾಡೋ ಸಾರಿಗಿಂತ ಆಸ್ಪತ್ರೆ ಗಂಜೀನೇ ವಾಸಿ” ಎಂದು ಹೆಂಡತಿಯನ್ನು ರೇಗಿಸಿದ್ದೂ ಉಂಟು. ಒಂದು ಮಧ್ಯಾಹ್ನ ಆಕೆಯ ಹೆಗಲಿಗೆ ಒರಗಿದ್ದಂತೆಯೇ ಉಸಿರು ನಿಂತಿತು.

ಯಲ್ಲಮ್ಮ ನನ್ನನ್ನೇ ನೋಡಿದರು. “ನೀವು ಕೊಟ್ಟ ಸೂಜಿಯಿಂದ್ಲೇ ಓದ್ರಾ ಸಾಮಿ?”

“ಕಾಯಿಲೆಯಿಂದಮ್ಮ. ಸೂಜಿಯಿಂದ ಒಂದಿಷ್ಟು ಬೇಗ ಆಯಿತೋ ಏನೋ, ನನಗೂ ಗೊತ್ತಿಲ್ಲ.”

“ಒದ್ದಾಡ್ಲಿಲ್ಲ ಬಿಡಿ,” ಎಂದು ಸೆರಗಿನಿಂದ ಗಂಡನ ಮುಖ ಒರೆಸಿದರು.

ಗುಣವಾಗದ ರೋಗಿ ಸಾಯಲು ನೆರವು ಕೇಳಿದರೆ ಕಾನೂನು ಒಪ್ಪಬೇಕೇ ಎಂಬ ಚರ್ಚೆಯನ್ನು ಈಗ ಪತ್ರಿಕೆಗಳಲ್ಲಿ ಓದುತ್ತೇನೆ. ಪರವೋ ವಿರೋಧವೋ ಎಂದರೆ ನನ್ನಲ್ಲಿ ಇಂದಿಗೂ ನೇರ ಉತ್ತರವಿಲ್ಲ. ಮಾರ್ಫಿನ್‌ಗೂ ಬಗ್ಗದ ಸಂಕಟವನ್ನು ಆಮೇಲೆ ಕಂಡಿದ್ದೇನೆ. ಅಂಥವರ ಮುಂದೆ ‘ಆಗದು’ ಎನ್ನುವಾಗ ನಾಲಿಗೆ ತಡವರಿಸಿದೆ. ಆದರೆ, ನಿಮಗೆ ಯಾವುದರ ಭಯ ಎಂದು ಎದುರು ಕೂತು ಕೇಳದೆ, ‘ಹೌದು’ ಎನ್ನುವ ಹಕ್ಕೂ, ‘ಆಗದು’ ಎನ್ನುವ ಹಕ್ಕೂ ವೈದ್ಯನಿಗಿಲ್ಲ. ಆ ವಾರ್ಡಿನಲ್ಲಿ ನಾನು ಕಲಿತದ್ದು ಇಷ್ಟೇ.