ಕರೆದರೆ ಓಡಿಬರುತ್ತಿದ್ದ ರಾಜ

"ರಾಜ, ಬಾ" ಎಂದು ನಾನು ಕರೆದ ತಕ್ಷಣ ಆ ನಾಯಿ ಬಾಲ ಮುದುರಿಕೊಂಡು ಟ್ರ್ಯಾಕ್ಟರಿನ ಅಡಿಗೆ ನುಗ್ಗಿತು. ಹೆದರಿಕೆಗೆ ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

ಹುಣಸೂರಿನಲ್ಲಿ ನಾಯಿಗಳಿಗೆ ತರಬೇತಿ ಕೊಡುವವಳು ನಾನು. ಹೊಡೆಯದೆ, ಗದರದೆ, ಹೇಳಿದ್ದು ಕೇಳಿದಾಗಲೆಲ್ಲ ತಿನ್ನಲು ಕೊಟ್ಟು, ಮೈ ಸವರಿ ಕಲಿಸುತ್ತೇನೆ. ಕಂಪಲಾಪುರದ ಈ ರೈತರ ಮನೆಗೆ ಎರಡು ತಿಂಗಳು ಬಂದು, ಎಲ್ಲಿದ್ದರೂ ಕರೆದರೆ ಓಡಿಬರುವುದನ್ನು ರಾಜನಿಗೂ ಹಾಗೆಯೇ ಕಲಿಸಿದ್ದೆ. ಹೋದ ವಾರ ಆ ಕಡೆ ಹೋದಾಗ ಅದನ್ನು ನೋಡುವ ಆಸೆಯಿಂದ ಬಸ್ಸಿಳಿದಿದ್ದೆ.

"ಏನಾಯ್ತು ಇದಕ್ಕೆ?" ಎಂದೆ.

ಮನೆ ಯಜಮಾನರು ನಕ್ಕರು. "ಪಕ್ಕದ್ಮನೆ ಕೋಳಿ ಇಡೀತು ಕಣ್ರೀ ಮೇಡಂ. ಅಟ್ಟಿಸ್ಕೊಂಡೋದ್ರೆ ಸಿಗ್ನಿಲ್ಲ. ನೀವು ಕಲಿಸಿದ್ರಲ್ಲ, ಅಂಗೇ 'ರಾಜ, ಬಾ' ಅಂದೆ. ಓಡ್ಬಂತು. ಇಡ್ಕೊಂಡು ದೊಣ್ಣೇಲಿ ನಾಕು ಬಾರಿಸ್ದೆ. ಒಳ್ಳೆ ಟ್ರೇನಿಂಗು ಬುಡಿ ನಿಮ್ದು!"

ಅವರು ಹೊಗಳುತ್ತಲೇ ಇದ್ದರು. ನಾನು ಟ್ರ್ಯಾಕ್ಟರಿನ ಪಕ್ಕ ನೆಲದ ಮೇಲೆ ಕೂತು ಅರ್ಧ ಗಂಟೆ ಕಾದೆ. ರಾಜ ಹೊರಗೆ ಬರಲಿಲ್ಲ.

ಬೇರೆ ಮನೆಗಳಲ್ಲಿ ಈಗಲೂ ಅದೇ ಪಾಠ ಹೇಳಿಕೊಡುತ್ತೇನೆ, ಹೊಟ್ಟೆಪಾಡು. ಆದರೆ ನಾಯಿಯೊಂದು ನಂಬಿ ಓಡಿಬರುವಾಗ ಮೊದಲಿನ ಖುಷಿ ಇಲ್ಲ. ಸುಲಭವಾಗಿ ಸಿಕ್ಕಿಬೀಳುವುದನ್ನು ಕಲಿಸುತ್ತಿದ್ದೇನೇನೋ ಅನ್ನಿಸುತ್ತದೆ.